ಬಚ್ಚಲ ನೀರಿನ ಗರಗ



ಗಣೇಶನ ಹಬ್ಬದ ಮುನ್ನಾದಿನ ಬೆಂಗಳೂರಿನ ಗಾಂಧಿ ಬಜಾರಿಗೋ ಮಲ್ಲೇಶ್ವರದ ಎಂಟನೇ ಕ್ರಾಸಿಗೋ ಹೋದವರು ನೋಡಿರುತ್ತೀರಿ. ಬಾಳೆಕಂದು, ಮಾವಿನಸೊಪ್ಪು, ಗರಿಕೆಯ ರಾಶಿಗಳ ನಡುವೆ ಪತ್ರೆ ಮಾರುವವರು ಗೋಣಿತಾಟು ಹಾಸಿಕೊಂಡು ಕೂತಿರುತ್ತಾರೆ. ಇಪ್ಪತ್ತೊಂದು ಪತ್ರೆ ಎಂದೇ ಅವರ ಕೂಗು. ಕಟ್ಟು ಬಿಚ್ಚಿ ಎಣಿಸಿದರೆ ಹತ್ತೋ ಹನ್ನೆರಡೋ ಬಗೆ ಸಿಕ್ಕರೆ ಹೆಚ್ಚು. ಗಣಪತಿ ತಕರಾರು ಮಾಡುವ ದೇವರಲ್ಲ, ಕೊಳ್ಳುವವರೂ ಮಾಡುವುದಿಲ್ಲ. ಆ ಕಟ್ಟಿನಲ್ಲಿ ಒರಟು ಎಲೆಯ, ದಂಟು ಕೊಂಚ ಕೆಂಪಗಿರುವ, ಅಂಗಿಯ ಗುಂಡಿಗಿಂತ ಚಿಕ್ಕ ಬಿಳಿ ಹೂವಿನ ಒಂದು ಗಿಡ ಒಮ್ಮೊಮ್ಮೆ ಇರುತ್ತದೆ. ಹದಿನೈದು ದಿನ ಕಳೆಯುವುದರೊಳಗೆ ಪಿತೃಪಕ್ಷ ಬರುತ್ತದೆ. ಆಗ ಶ್ರಾದ್ಧದ ಸಾಮಾನಿನ ಚೀಟಿ ಹಿಡಿದು ಬಂದವರು ದರ್ಭೆ, ಎಳ್ಳು, ತುಳಸಿ ಎಲ್ಲವನ್ನೂ ಚೀಲಕ್ಕೆ ಹಾಕಿಕೊಂಡ ಮೇಲೆ ಇದೇ ಗಿಡವನ್ನು ಹುಡುಕುತ್ತಾರೆ. ಗರಗದ ಸೊಪ್ಪು.

ಹೋದ ವರ್ಷ ಹಾಗೆ ಹುಡುಕುತ್ತಾ, ‘ಎಲ್ಲಿಂದ ತರ್ತೀಯಮ್ಮ ಇದನ್ನ?’ ಎಂದು ಮಾರುವಾಕೆಯನ್ನು ಕೇಳಿದೆ. ‘ಊರಲ್ಲಿ ಗದ್ದೆ ಬದಿಂದ ಸಾಮಿ. ಇಲ್ಲೆಲ್ಲೈತೆ, ಎಲ್ಲಾ ಸಿಮೆಂಟಾಗೋಯ್ತಲ್ಲ’ ಎಂದಳು. ಸಸ್ಯಶಾಸ್ತ್ರ ಪಾಠ ಮಾಡಿ ನಿವೃತ್ತನಾದ ನಾನು ಇಂದು ಹೇಳಬೇಕೆಂದಿರುವುದೆಲ್ಲ ಆಕೆಯ ಆ ಒಂದು ಮಾತಿನ ವಿವರಣೆ. ಬಸವನಗುಡಿಯ ಹಿತ್ತಿಲುಗಳಲ್ಲಿ ಯಾರೂ ಬಿತ್ತದೆ ಬೆಳೆಯುತ್ತಿದ್ದ ಗಿಡ ಈಗ ಬಸ್ಸು ಹತ್ತಿ ಬರುತ್ತಿದೆ. ಇದಕ್ಕೆ ಕಾರಣ ಅದರ ಬೀಜದಲ್ಲಿದೆ, ನಮ್ಮ ಬಚ್ಚಲುಮನೆಯಲ್ಲೂ ಇದೆ.

ಮೊದಲು ಗಿಡದ ಪರಿಚಯ. ಸಂಸ್ಕೃತದಲ್ಲಿ ಭೃಂಗರಾಜ. ತಮಿಳರಿಗೆ ಕರಿಸಲಾಂಗಣ್ಣಿ, ಮಲೆಯಾಳಿಗಳಿಗೆ ಕಯ್ಯೋನ್ನಿ, ತೆಲುಗರಿಗೆ ಗುಂಟಗಲಗರ. ನಮ್ಮವರು ಗರಗ, ಗರುಗ, ಕಾಡಿಗೆ ಗರಗ ಎಂದೆಲ್ಲ ಕರೆಯುತ್ತಾರೆ. ಶಾಸ್ತ್ರೀಯವಾಗಿ ಎಕ್ಲಿಪ್ಟ ಪ್ರೊಸ್ಟ್ರೇಟ. ಎಣ್ಣೆಯ ಸೀಸೆಗಳ ಮೇಲೆ ಎಕ್ಲಿಪ್ಟ ಆಲ್ಬ ಎಂದು ಬರೆದಿರುವುದೂ ಇದನ್ನೇ. ಲಿನೇಯಸ್ 1753ರಲ್ಲಿ ಈ ಒಂದೇ ಗಿಡವನ್ನು ಎರಡೆಂದು ಎಣಿಸಿ ಎರಡು ಹೆಸರು ಕೊಟ್ಟುಬಿಟ್ಟ. ನೆಟ್ಟಗೆ ನಿಂತ ಗರಗವನ್ನೂ ನೆಲದ ಮೇಲೆ ಹರಡಿದ ಗರಗವನ್ನೂ ಪಕ್ಕಪಕ್ಕದಲ್ಲಿ ನೋಡಿದರೆ ಯಾರಿಗಾದರೂ ಹಾಗೆ ಅನ್ನಿಸುತ್ತದೆ. ಒತ್ತಾಗಿ ಬೆಳೆದಲ್ಲಿ ಎರಡಡಿ ಎತ್ತರಕ್ಕೆ ಏಳುತ್ತದೆ, ತುಳಿದಾಡುವ ಜಾಗದಲ್ಲಿ ನೆಲಕಚ್ಚಿ ಹಬ್ಬುತ್ತದೆ. ದಂಟಿನ ಗೆಣ್ಣು ಒದ್ದೆ ಮಣ್ಣಿಗೆ ತಾಗಿದಲ್ಲೆಲ್ಲ ಬೇರು ಬಿಡುತ್ತದೆ. ಎಲೆಗಳು ಎದುರುಬದುರು ಜೋಡಿಯಾಗಿ, ತೊಟ್ಟಿಲ್ಲದೆ ದಂಟಿಗೇ ಅಂಟಿಕೊಂಡಿರುತ್ತವೆ. ಬೆರಳಾಡಿಸಿದರೆ ಸಣ್ಣ ಬಿಳಿ ರೋಮಗಳ ಒರಟು ತಿಳಿಯುತ್ತದೆ. ಬೀಜ ಮೊಳೆತ ಐದಾರು ವಾರಕ್ಕೆ ಹೂ ಬಿಟ್ಟು, ಸಾವಿರಾರು ಬೀಜ ಉದುರಿಸಿ, ನೀರು ಒಣಗಿದೊಡನೆ ಒಣಗುವ ಏಕವಾರ್ಷಿಕ ಇದು.

ಸೂರ್ಯಕಾಂತಿಯ ಕುಟುಂಬ. ಜಗತ್ತಿನಲ್ಲಿ ಸುಮಾರು 25,000 ಜಾತಿಗಳಿರುವ ದೊಡ್ಡ ಕುಟುಂಬ ಅದು. ನಮ್ಮ ಸೇವಂತಿಗೆ, ಚೆಂಡುಹೂವು, ಕುಸುಬೆ, ಹುಚ್ಚೆಳ್ಳು, ಬೆಂಗಳೂರಿನ ಸುತ್ತ ಬೆಳೆಯುವ ದವನ, ಗಣಪತಿಯ ಪತ್ರೆಗಳಲ್ಲಿ ಮೊದಲಿಗೆ ಬರುವ ಮಾಚಿಪತ್ರೆ ಎಲ್ಲವೂ ಇದೇ ಮನೆತನದವು. ಈ ಕುಟುಂಬದ ಗುಟ್ಟು ಒಂದೇ: ನಾವು ಹೂವು ಎಂದು ಕರೆಯುವುದು ಒಂದು ಹೂವಲ್ಲ. ಚಾಮರಾಜಪೇಟೆಯ ವಠಾರ ನೆನಪಿಸಿಕೊಳ್ಳಿ. ಬೀದಿಗೆ ಒಂದೇ ಬಾಗಿಲು, ಒಳಗೆ ಹೋದರೆ ಹತ್ತು ಸಂಸಾರ, ಪ್ರತಿಯೊಂದಕ್ಕೂ ತನ್ನದೇ ಒಲೆ, ಬೀಗದಕೈ, ಜಗಳ. ಗರಗದ ಬಿಳಿ ಗುಂಡಿಯೂ ಹಾಗೆಯೇ. ಭೂತಗನ್ನಡಿ ಹಿಡಿದರೆ ಅಂಚಿನಲ್ಲಿ ಕೂದಲೆಳೆಯಂಥ ದಳವಿರುವ ಹೆಣ್ಣುಹೂಗಳ ಎರಡು ಸಾಲು, ನಡುವೆ ನಾಲ್ಕು ಹಲ್ಲಿನ ಪುಟ್ಟ ಕೊಳವೆಗಳಂಥ ಹೂಗಳ ಗುಂಪು, ಇವೆಲ್ಲಕ್ಕೂ ಸೇರಿ ಹೊರಗೊಂದು ಹಸಿರು ಎಲೆಗಳ ಗೋಡೆ. ಒಂದೊಂದು ಹೂವಿಗೂ ಒಂದೊಂದೇ ಬೀಜ. ಎರಡು ಮೂರು ಮಿಲಿಮೀಟರ್ ಉದ್ದದ, ಮೈಮೇಲೆ ಗಂಟುಗಂಟಾಗಿರುವ ಕಂದು ಬೀಜ. ಬಲಿತಾಗ ಬಿಳಿ ಉದುರಿ ಹಸಿರು ಬಿಲ್ಲೆ ಮಾತ್ರ ಉಳಿಯುತ್ತದೆ. ಅದನ್ನು ಉಜ್ಜಿದರೆ ಬೀಜ ಅಂಗೈಗೆ ಬರುತ್ತದೆ.

ಆ ಬೀಜವನ್ನು ಒಮ್ಮೆ ಸರಿಯಾಗಿ ನೋಡಬೇಕು. ಕುಟುಂಬದ ಎಷ್ಟೋ ಗಿಡಗಳ ಬೀಜದ ತಲೆಯ ಮೇಲೆ ರೇಷ್ಮೆಯ ಕುಚ್ಚಿರುತ್ತದೆ, ಗಾಳಿಗೆ ಹಾರುವುದಕ್ಕೆ. ಗರಗಕ್ಕೆ ಆ ಕುಚ್ಚಿಲ್ಲ. ಹಾರಲಾರದು. ಉದುರಿದ್ದು ಬುಡದ ಕೆಸರಿನಲ್ಲೇ ಬೀಳುತ್ತದೆ. ಮಳೆನೀರಿನ ಜೊತೆ ಜಾರುತ್ತದೆ, ಎಮ್ಮೆಯ ಗೊರಸಿಗೆ ಮೆತ್ತಿಕೊಂಡು, ನಾಟಿ ಮಾಡುವವರ ಕಾಲಿಗೆ ಅಂಟಿಕೊಂಡು ಮುಂದಿನ ಕೆಸರಿಗೆ ಹೋಗುತ್ತದೆ. ಆದ್ದರಿಂದಲೇ ಭತ್ತದ ಗದ್ದೆಯ ಕಳೆಗಳಲ್ಲಿ ಇದಕ್ಕೆ ಹಿರಿಯ ಸ್ಥಾನ. ಇನ್ನೊಂದು ಹಟವೂ ಇದೆ. ಬೆಳಕು ಬೀಳದೆ ಈ ಬೀಜ ಮೊಳೆಯುವುದಿಲ್ಲ. ಮಣ್ಣಿನಡಿ ಒಂದು ಬೆರಳು ಆಳಕ್ಕೆ ಹೋಯಿತೆಂದರೆ ಸುಮ್ಮನೆ ಕಾಯುತ್ತದೆ. ಒದ್ದೆ ಮಣ್ಣು, ಮೇಲೆ ಬಿಸಿಲು, ನೆಲ ಬಿಟ್ಟು ಏಳದ ಬೀಜ. ಈ ಮೂರನ್ನು ನೆನಪಿಟ್ಟುಕೊಂಡು ಹಳೆಯ ಬೆಂಗಳೂರಿಗೆ ಬನ್ನಿ.

ಚಾಮರಾಜಪೇಟೆ 1892ರದು. 1898ರ ಪ್ಲೇಗು ಪೇಟೆಯ ಇಕ್ಕಟ್ಟಿನಲ್ಲಿ ಜನರನ್ನು ಕೊಂದ ಮೇಲೆ ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳು ಬೆಳೆದವು. ಗಾಳಿ ಬೆಳಕಿಗಾಗಿ ಅಗಲ ರಸ್ತೆ, ಪ್ರತಿ ಮನೆಗೂ ಅಂಗಳ, ಹಿತ್ತಿಲು, ಹಿತ್ತಿಲಿನಾಚೆ ಹೊಲಸು ಸಾಗಿಸುವ ಕನ್ಸರ್ವೆನ್ಸಿ ಗಲ್ಲಿ. ಹೆಸರಘಟ್ಟದಿಂದ ನಲ್ಲಿ ನೀರು ಬಂದದ್ದೂ ಆ 1890ರ ದಶಕದಲ್ಲೇ. ಅಲ್ಲಿಯವರೆಗೆ ಬಾವಿ, ಕಲ್ಯಾಣಿ, ಕೆರೆ. ನೀರು ಮನೆಯೊಳಗೆ ಬರತೊಡಗಿದರೆ ಮನೆಯಿಂದ ಹೊರಗೂ ಹೋಗಬೇಕಲ್ಲ. ಎಷ್ಟೋ ಮನೆಗಳಲ್ಲಿ ಅದು ಬಚ್ಚಲ ಗೋಡೆಯ ಬುಡದ ತೂತಿನಿಂದ ಹೊರಬಿದ್ದು, ಕಲ್ಲು ಹಾಸಿದ ಸಣ್ಣ ಕಾಲುವೆಯಲ್ಲಿ ಹಿತ್ತಿಲಿಗೆ ಹರಿಯುತ್ತಿತ್ತು. ಬಾಳೆ, ಕೆಸವು, ಒಂದೆಲಗ, ಒಂದು ತೆಂಗು. ಇವುಗಳ ನಡುವಿನ ಕೆಸರೇ ಗರಗದ ಸ್ವಸ್ಥಾನ. ಯಾರೂ ನೆಡುತ್ತಿರಲಿಲ್ಲ, ಯಾರೂ ಕೀಳುತ್ತಲೂ ಇರಲಿಲ್ಲ, ಬೇಕಾದಾಗ ಬಗ್ಗಿದರೆ ಸಿಗುತ್ತಿತ್ತು.

ಅದು ಬೇಕಾಗುತ್ತಿದ್ದುದು ಎರಡು ಕೆಲಸಕ್ಕೆ. ಒಂದು ಕಾಡಿಗೆ. ಮನೆಯಲ್ಲಿ ಬಸುರಿ ಇದ್ದಾಳೆ ಎಂದರೆ ಏಳನೆಯ ತಿಂಗಳ ಹೊತ್ತಿಗೆ ಅಜ್ಜಿಯರು ಈ ಕೆಲಸ ಶುರುಮಾಡುತ್ತಿದ್ದರು. ಹಳೆಯ ಪಂಚೆಯ ಒಗೆದ ತುಂಡನ್ನು ಗರಗದ ರಸದಲ್ಲಿ ನೆನೆಸಿ ನೆರಳಲ್ಲಿ ಒಣಗಿಸುವುದು. ಒಣಗಿದ್ದನ್ನು ಮತ್ತೆ ನೆನೆಸಿ, ಮತ್ತೆ ಒಣಗಿಸುವುದು. ಬಟ್ಟೆ ಕರ್ರಗೆ ಬಿರುಸಾದ ಮೇಲೆ ಹರಿದು ಬತ್ತಿ ಹೊಸೆದು, ಹರಳೆಣ್ಣೆಯದೋ ತುಪ್ಪದ್ದೋ ದೀಪ ಹಚ್ಚಿ, ಎರಡು ಇಟ್ಟಿಗೆಯ ಮೇಲೆ ಹಿತ್ತಾಳೆ ತಟ್ಟೆ ಬೋರಲು ಹಾಕಿ ರಾತ್ರಿಯಿಡೀ ಉರಿಯಲು ಬಿಡುತ್ತಿದ್ದರು. ಬೆಳಿಗ್ಗೆ ತಟ್ಟೆಗೆ ಹಿಡಿದ ಮಸಿಯನ್ನು ಕೆರೆದು, ಒಂದೆರಡು ತೊಟ್ಟು ಹರಳೆಣ್ಣೆಯಲ್ಲಿ ಮಿದ್ದು ಕಾಡಿಗೆ ಡಬ್ಬಿಗೆ ತುಂಬಿದರೆ ಬಾಣಂತನ ಮುಗಿಯುವವರೆಗೂ ಸಾಕು.

ಇಲ್ಲಿ ನಾನೊಂದು ಅಧಿಕಪ್ರಸಂಗ ಮಾಡುತ್ತೇನೆ. ಬತ್ತಿ ಉರಿದ ಮೇಲೆ ಅದರಲ್ಲಿದ್ದ ಗರಗ ಎಲ್ಲಿ ಉಳಿಯಿತು? ತಟ್ಟೆಗೆ ಹಿಡಿದದ್ದು ಎಣ್ಣೆಯ ಮಸಿ, ಅಂದರೆ ಇಂಗಾಲ. ಬರಿಯ ಬತ್ತಿಯಿಂದಲೂ ಅದು ಬರುತ್ತದೆ. ಕಪ್ಪುಮಾಡುವ ಗಿಡ ಎಂಬ ಹೆಸರಿದ್ದುದರಿಂದ ಕಪ್ಪಿನ ಕೆಲಸಕ್ಕೆಲ್ಲ ಅದನ್ನು ಕರೆದರು ಎಂದು ನನ್ನ ಅನುಮಾನ. ಎಳೆಗೂಸಿನ ಕಣ್ಣಿಗೆ ಏನನ್ನೂ ಹಚ್ಚಬೇಡಿ ಎಂದು ಕಣ್ಣಿನ ವೈದ್ಯರು ಹೇಳುವುದನ್ನು ನಾನೂ ಒಪ್ಪುತ್ತೇನೆ. ಕೆನ್ನೆಯ ಮೇಲೆ, ಅಂಗಾಲಿನಲ್ಲಿ ದೃಷ್ಟಿಬೊಟ್ಟು ಇಡಲು ಯಾರ ಅಡ್ಡಿಯೂ ಇಲ್ಲ.

ಕಪ್ಪು ಮಾತ್ರ ಸುಳ್ಳಲ್ಲ. ಗರಗದ ಎಳೆ ದಂಟನ್ನು ಚಿವುಟಿ ನೋಡಿ. ಮೊದಲು ಹಸಿರು ನೀರು. ಗಾಳಿ ತಾಗಿ ಸ್ವಲ್ಪ ಹೊತ್ತಿಗೆ ಗಾಯದ ಬಾಯಿ ಕಪ್ಪಾಗುತ್ತದೆ. ಸೊಪ್ಪು ಜಜ್ಜಿದ ಬೆರಳೂ ಕಪ್ಪಾಗುತ್ತದೆ, ಸೋಪಿಗೆ ಬಗ್ಗುವುದಿಲ್ಲ. ಹಚ್ಚೆಯ ಬಣ್ಣಕ್ಕೆ ಈ ರಸವನ್ನು ಬಳಸುತ್ತಿದ್ದುದು ಇದೇ ಗುಣಕ್ಕಾಗಿ. ಚೀನೀಯರೂ ಇದನ್ನು ಗಮನಿಸಿದ್ದಾರೆ. ಅವರ ವೈದ್ಯದಲ್ಲಿ ಇದು ಮೋಹಾನ್‌ಲಿಯನ್. ಲಿಗಸ್ಟ್ರಮ್ ಎಂಬ ಪೊದೆಯ ಹಣ್ಣಿನ ಜೊತೆ ಸೇರಿಸಿ ಮಾಡುವ ಅವರ ಎರ್‌ಝಿವಾನ್ ಗುಳಿಗೆ ನಮ್ಮ ಕಡೆಯಂತೆಯೇ ನರೆಗೂದಲಿಗೆ ಹೆಸರುವಾಸಿ. ಒಂದನ್ನು ಬೇಸಗೆಯ ಅಯನಸಂಕ್ರಾಂತಿಗೆ, ಇನ್ನೊಂದನ್ನು ಚಳಿಗಾಲದ ಅಯನಸಂಕ್ರಾಂತಿಗೆ ಕೊಯ್ಯಬೇಕು ಎಂಬುದು ಅವರ ಕಟ್ಟಳೆ.

ಎರಡನೆಯ ಕೆಲಸ ತಲೆಗೆಣ್ಣೆ. ಸೊಪ್ಪನ್ನು ಬೇರುಸಹಿತ ಕಿತ್ತು ತೊಳೆದು ಒರಳಲ್ಲಿ ರುಬ್ಬಿ, ಬಟ್ಟೆಯಲ್ಲಿ ಹಿಂಡಿ ರಸ ತೆಗೆಯುತ್ತಾರೆ. ಕೊಬ್ಬರಿ ಎಣ್ಣೆಗೋ ಎಳ್ಳೆಣ್ಣೆಗೋ ರಸ ಸೇರಿಸಿ ಸಣ್ಣ ಉರಿಯಲ್ಲಿ ಕುದಿಸಬೇಕು. ಇಲ್ಲಿ ಕಣ್ಣಿಗಿಂತ ಕಿವಿ ಮುಖ್ಯ. ನೀರಿನಂಶ ಇರುವವರೆಗೂ ಎಣ್ಣೆ ಚಟಪಟ ಎನ್ನುತ್ತಿರುತ್ತದೆ. ಸದ್ದು ಅಡಗಬೇಕು. ತಳದಲ್ಲಿ ಕೂತ ಗಸಿಯನ್ನು ಎರಡು ಬೆರಳಲ್ಲಿ ಹೊಸೆದರೆ ಬತ್ತಿಯಾಗಬೇಕು, ಅದನ್ನು ಉರಿಗೆ ಹಿಡಿದರೆ ಚಿಟಿಗುಟ್ಟದೆ ಉರಿಯಬೇಕು. ಆಗ ಇಳಿಸಬೇಕು. ಮೊದಲೇ ಇಳಿಸಿದರೆ ನೀರುಳಿದು ತಿಂಗಳೊಳಗೆ ಮುಗ್ಗುವಾಸನೆ, ತಡವಾದರೆ ಸೀದ ವಾಸನೆ.

ಹೆಂಗಸರಿಗೆ ಮಂಗಳವಾರ ಶುಕ್ರವಾರ, ಗಂಡಸರಿಗೆ ಶನಿವಾರ. ಹಂಡೆಯಲ್ಲಿ ನೀರು ಕಾದು, ತಲೆಗೆ ಗರಗದೆಣ್ಣೆ ತಟ್ಟಿ, ಸೀಗೆಪುಡಿ ಹಾಕಿ ಉಜ್ಜಿ, ಹೊಗೆ ತುಂಬಿದ ಬಚ್ಚಲಲ್ಲಿ ನೀರು ಹುಯ್ದುಕೊಂಡರೆ ಆ ಎಣ್ಣೆ, ಸೀಗೆ, ಕಡಲೆಹಿಟ್ಟು ಎಲ್ಲವೂ ಗೋಡೆಯ ತೂತಿನಿಂದ ಹಿತ್ತಿಲಿಗೆ. ಹಿತ್ತಿಲ ಕೆಸರಿನಲ್ಲಿ ಗರಗ. ಆ ಗರಗವೇ ಮುಂದಿನ ಸಲದ ಎಣ್ಣೆಗೆ. ಗಿಡದಿಂದ ತಲೆಗೆ, ತಲೆಯಿಂದ ನೀರಿಗೆ, ನೀರಿನಿಂದ ಗಿಡಕ್ಕೆ. ಇಪ್ಪತ್ತು ಅಡಿ ಜಾಗದಲ್ಲಿ ಸುತ್ತುತ್ತಿದ್ದ ಈ ವ್ಯವಹಾರಕ್ಕೆ ಆಗ ಯಾರೂ ಹೆಸರಿಟ್ಟಿರಲಿಲ್ಲ. ಇಟ್ಟಿದ್ದರೆ ಈಗ ಅದಕ್ಕೆ ಸಹಾಯಧನ ಸಿಗುತ್ತಿತ್ತು.

ಕೂದಲು ಕಪ್ಪಾಗುತ್ತದೆಯೇ ಎಂದು ಕೇಳಿದರೆ ನಾನು ಹೌದೆನ್ನುವುದಿಲ್ಲ. ಎಣ್ಣೆಗೆ ಬರುವುದು ಎಲೆಯ ಹಸಿರು. ಬೆರಳಿಗೆ ಹತ್ತುವ ಕಪ್ಪು ನೀರಿನ ರಸದ್ದು. ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಗರಗದ ಸಾರ ಹಚ್ಚಿದ ಕಡೆ ಕೂದಲು ಬೇಗ ಚಿಗುರಿದ್ದು ದಾಖಲಾಗಿದೆ. ಇಲಿಗೆ ಚಿಗುರಿದ್ದು ನಮಗೂ ಚಿಗುರಬೇಕೆಂದಿಲ್ಲ. ವಾರಕ್ಕೊಮ್ಮೆ ಯಾರೋ ಅಕ್ಕರೆಯಿಂದ ತಲೆ ತಿಕ್ಕುತ್ತಿದ್ದುದರ ಪಾಲನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ರಸಾಯನಶಾಸ್ತ್ರದವರು ಈ ಗುಂಪಿನ ಗಿಡಗಳನ್ನು ಹಿಡಿದುಕೊಂಡದ್ದು ಐವತ್ತರ ದಶಕದಲ್ಲಿ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಟಿ.ಆರ್. ಗೋವಿಂದಾಚಾರಿ, ಕೆ. ನಾಗರಾಜನ್, ಬಿ.ಆರ್. ಪೈ ಇವರು ಹಳದಿ ಹೂವಿನ ಭೃಂಗರಾಜವೆಂಬ ಇನ್ನೊಂದು ಗಿಡದಿಂದ ವೆಡೆಲೊಲ್ಯಾಕ್ಟೋನ್ ಎಂಬ ವಸ್ತುವನ್ನು ಬೇರ್ಪಡಿಸಿ 1956ರಲ್ಲಿ ಅದರ ರಚನೆ ತಿಳಿಸಿದರು. ನಮ್ಮ ಬಿಳಿ ಗರಗದಲ್ಲೂ ಇರುವ ಮುಖ್ಯ ವಸ್ತು ಅದೇ. ಅದೇ ಕಾಲಕ್ಕೆ ಅದೇ ಕಾಲೇಜಿನ ಸಸ್ಯಶಾಸ್ತ್ರ ವಿಭಾಗದಲ್ಲಿದ್ದವರು ಬಿ.ಜಿ.ಎಲ್. ಸ್ವಾಮಿ, ನಮ್ಮ ಬಸವನಗುಡಿಯ ಡಿ.ವಿ.ಜಿ.ಯವರ ಮಗ. ಬ್ರೆಜಿಲಿನ ನಾಟಿವೈದ್ಯರು ಹಾವಿನ ಕಡಿತಕ್ಕೆ ಗರಗ ಕೊಡುತ್ತಿದ್ದರು. ಅಲ್ಲಿನ ವಾಲ್ಟರ್ ಮೋರ್ಸ್ ಮತ್ತು ಸಂಗಡಿಗರು 1989ರಲ್ಲಿ ಪರೀಕ್ಷೆ ಮಾಡಿ, ಪ್ರಯೋಗಾಲಯದ ಮಟ್ಟಿಗೆ ಅದರ ಸಾರ ವಿಷದ ಕೆಲವು ಪರಿಣಾಮಗಳನ್ನು ತಡೆಯುತ್ತದೆ ಎಂದು ಕಂಡರು. ಕೇಳುಗರಲ್ಲಿ ಯಾರೂ ಇದನ್ನು ಹಾವಿನ ಮದ್ದು ಎಂದು ಬರೆದಿಟ್ಟುಕೊಳ್ಳಬೇಡಿ. ಹಾವು ಕಚ್ಚಿದರೆ ಆಸ್ಪತ್ರೆ, ಬೇರೆ ಮಾತಿಲ್ಲ. ಕಾಮಾಲೆಗೆ ಈ ರಸ ಕುಡಿಯುವ ರೂಢಿಯೂ ಇದೆ. ಕಾಮಾಲೆ ಯಾವ ಕಾರಣದ್ದು ಎಂದು ವೈದ್ಯರು ನೋಡುವ ಮುನ್ನ ಅದೂ ಬೇಡ.

ಮತ್ತೆ ನೀರಿನ ಕಥೆ. ತಿಪ್ಪಗೊಂಡನಹಳ್ಳಿಯ ನೀರು 1933ರಲ್ಲಿ, ಕಾವೇರಿ 1974ರಲ್ಲಿ ಬಂತು. ನೀರು ಹೆಚ್ಚಿದಂತೆಲ್ಲ ಬಚ್ಚಲ ತೂತಿಗೆ ಕೊಳವೆ ಸೇರಿತು, ಕೊಳವೆ ನೆಲದಡಿಯ ಚರಂಡಿ ಸೇರಿತು. ಒಳ್ಳೆಯದೇ ಆಯಿತು, ತೆರೆದ ಮೋರಿಯ ಸೊಳ್ಳೆ, ಟೈಫಾಯ್ಡು ನೆನಪಿರುವವರು ಯಾರೂ ಅದಕ್ಕಾಗಿ ಹಂಬಲಿಸುವುದಿಲ್ಲ. ಆದರೆ ಹಿತ್ತಿಲು ಮೊದಲು ಒಣಗಿತು, ಆಮೇಲೆ ಮಾಯವಾಯಿತು. ಹಿತ್ತಿಲಿದ್ದಲ್ಲಿ ಬಾಡಿಗೆ ಮನೆ ಎದ್ದಿತು, ಅಂಗಳವಿದ್ದಲ್ಲಿ ಕಾರು ನಿಂತಿತು. ಬಸವನಗುಡಿಯ ಕಾರಂಜಿ ಕೆರೆ ಕಾರಂಜಿ ಆಂಜನೇಯನ ಹೆಸರಿನಲ್ಲಿ ಮಾತ್ರ ಉಳಿದಿದೆ. ಧರ್ಮಾಂಬುಧಿ ಕೆರೆಯಿದ್ದಲ್ಲಿ ಬಸ್ಸುಗಳು ನಿಲ್ಲುತ್ತವೆ. ಕೆಂಪಾಂಬುಧಿ ಉಳಿದರೂ ಬಹುಕಾಲ ಊರಿನ ಕೊಳಚೆ ಹೊತ್ತಿತು. ದೊಡ್ಡ ಬಸವಣ್ಣನ ಪಾದದಿಂದ ಹುಟ್ಟುತ್ತಾಳೆಂದು ಬಸವನಗುಡಿಯವರೂ, ಕಾಡುಮಲ್ಲೇಶ್ವರನ ಬಳಿ ಹುಟ್ಟುತ್ತಾಳೆಂದು ಮಲ್ಲೇಶ್ವರದವರೂ ವಾದಿಸುವ ವೃಷಭಾವತಿ ಈಗ ಎಲ್ಲಿ ಹರಿಯುತ್ತಾಳೆ ಎಂಬುದು ಮೂಗಿಗೆ ತಿಳಿಯುತ್ತದೆ. ಆ ದಂಡೆಗಳಲ್ಲಿ ಗರಗ ಸೊಂಪಾಗಿಯೇ ಬೆಳೆದೀತು, ಆದರೆ ಅದನ್ನು ಮಾತ್ರ ಕೀಳಬೇಡಿ. ಕಾರ್ಖಾನೆಯ ನೀರಿನಲ್ಲಿರುವ ಸೀಸ, ಕ್ಯಾಡ್ಮಿಯಂ ಸೊಪ್ಪಿಗೂ ಏರುತ್ತವೆ.

ನೆಲ ಮುಚ್ಚಿದ್ದು ನೀರು ನಿಂತದ್ದಕ್ಕಿಂತ ದೊಡ್ಡ ಪೆಟ್ಟು. ಚಪ್ಪಡಿಯಡಿ, ವೈಟ್ ಟಾಪಿಂಗ್ ಎಂಬ ರಸ್ತೆಯ ಕಾಂಕ್ರೀಟಿನಡಿ ಬೆಳಕಿಲ್ಲ; ಬೆಳಕಿಲ್ಲದೆ ಈ ಬೀಜ ಮೊಳೆಯುವುದಿಲ್ಲ ಎಂದೆನಲ್ಲ. ಹಾಗೆಂದು ಪೂರ್ತಿ ಸತ್ತೂ ಇಲ್ಲ. ನಮ್ಮ ಊರಿನಲ್ಲಿ ರಸ್ತೆ ಅಗೆಯುವುದು ನಿತ್ಯಕರ್ಮ. ಪೈಪಿಗೋ ಕೇಬಲ್ಲಿಗೋ ಗುಂಡಿ ತೋಡಿ, ಮಣ್ಣು ಮೇಲೆ ಹಾಕಿ, ಪೈಪು ಒಂದಿಷ್ಟು ಸೋರಲು ಬಿಟ್ಟು ಅವರು ಹೋಗುತ್ತಾರೆ. ಒಳ್ಳೆಯ ಮಳೆ ಬಿದ್ದ ತಿಂಗಳಿಗೆ ಆ ಗುಡ್ಡೆಯ ತಗ್ಗಿನ ಬದಿಯಲ್ಲಿ ಗರಗ ತಲೆ ಎತ್ತುವುದನ್ನು ನಾನು ಬುಲ್ ಟೆಂಪಲ್ ರಸ್ತೆಯಲ್ಲೇ ನೋಡಿದ್ದೇನೆ. ಪಾಲಿಕೆಯ ವಿಳಂಬದಿಂದ ಉಪಕಾರವಾಗುವ ಜೀವಿಗಳೂ ಇವೆ ಎಂದಾಯಿತು.

ಈಗ ಅದೇ ರಸ್ತೆಯ ಗೋಡೆಗಳನ್ನು ನೋಡಿ. ಕಾಂಪೌಂಡಿನ ಬಿರುಕಿನಲ್ಲಿ, ಮೊದಲ ಮಹಡಿಯ ಸಜ್ಜದ ಮೇಲೆ, ದೇವಸ್ಥಾನದ ಗೋಪುರದ ಸಂದಿಯಲ್ಲೂ ಉದ್ದ ತೊಟ್ಟಿನ ಒಂಟಿ ಹೂ ತೂಗುತ್ತಿರುತ್ತದೆ. ನಡುವೆ ಹಳದಿ, ಸುತ್ತ ಮಾಸಲು ಬಿಳಿಯ ನಾಲ್ಕೈದು ದಳ. ತೊಟ್ಟನ್ನು ಸುತ್ತಿ ಜಗ್ಗಿ ತಲೆ ಹಾರಿಸುವ ಆಟ ಆಡದ ಮಕ್ಕಳಿಲ್ಲ. ಮಂಡಿ ತರಚಿದಾಗ ಎಲೆ ಹಿಂಡಿಕೊಂಡವರೂ ಬಹಳ. ಕೆಲವರು ಜಯಂತಿ ಎನ್ನುತ್ತಾರೆ, ಪುಸ್ತಕದಲ್ಲಿ ಟ್ರೈಡಾಕ್ಸ್. ಗರಗದ ದಾಯಾದಿ, ಆದರೆ ಮೂಲ ಮಧ್ಯ ಅಮೆರಿಕ. ಇದರ ಬೀಜಕ್ಕೆ ರೇಷ್ಮೆ ಕುಚ್ಚಿದೆ. ನೆಲ ಮುಚ್ಚಿದರೇನು, ಇದು ಗೋಡೆ ಹತ್ತುತ್ತದೆ. ಬಿರುಕಿನ ಒಂದು ಚಿಟಿಕೆ ದೂಳು ಇದಕ್ಕೆ ಸಾಕು. ಮಹಡಿ ಮನೆಗಳ ಬೆಂಗಳೂರು ಹಾರುವ ಬೀಜಕ್ಕೆ ಹೇಳಿ ಮಾಡಿಸಿದ ಊರು. ಬೇಸಗೆಯಲ್ಲಿ ಚಿಟ್ಟೆಗಳಿಗೆ ಊಟ ಸಿಗುತ್ತಿರುವುದೂ ಬಹ್ವಂಶ ಇದರಿಂದಲೇ, ಅದಕ್ಕಾಗಿ ನಾನು ಇದನ್ನು ಬಯ್ಯುವುದಿಲ್ಲ. ಸ್ವಾಮಿಯವರು ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕಾ’ ಎಂದು ಆಲೂಗಡ್ಡೆ, ಮೆಣಸಿನಕಾಯಿಗಳ ಮೇಲೆ ಪುಸ್ತಕ ಬರೆದರು. ನಮ್ಮ ಸಜ್ಜದ ಮೇಲಿನ ಅಮೆರಿಕದ ಬಗ್ಗೆ ಯಾರಾದರೂ ಬರೆಯಬೇಕು.

ಇನ್ನೊಬ್ಬ ದಾಯಾದಿಯನ್ನು ಬಯ್ಯದೆ ಇರಲಾರೆ. ಪಾರ್ಥೇನಿಯಂ, ಜನರ ಬಾಯಲ್ಲಿ ಕಾಂಗ್ರೆಸ್ ಗಿಡ. ಪುಣೆಯಲ್ಲಿ 1955ರ ಸುಮಾರಿಗೆ ಕಣ್ಣಿಗೆ ಬಿದ್ದದ್ದು, ಮೈಸೂರು ರಾಜ್ಯದಲ್ಲಿ ಹರಡುತ್ತಿರುವುದನ್ನು ಬೆಂಗಳೂರು ವಿಶ್ವವಿದ್ಯಾಲಯದ ಜಯಚಂದ್ರ ಅವರು 1971ರಲ್ಲೇ ಬರೆದು ತಿಳಿಸಿದ್ದರು. ಸರ್ಕಾರ 1975ರಲ್ಲಿ ಕಾಯ್ದೆಯಡಿ ಇದನ್ನು ಪೀಡೆಯೆಂದು ಘೋಷಿಸಿತು. ಗಿಡಗಳು ಗೆಜೆಟ್ಟು ಓದುವುದಿಲ್ಲ. ಮೆಕ್ಸಿಕೋದಿಂದ ತರಿಸಿದ ಜೈಗೊಗ್ರಾಮ ಎಂಬ ಜೀರುಂಡೆಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಕೆಲವು ವರ್ಷದ ಮೇಲೆ ಅದು ಹೆಚ್ಚಿ ಪಾರ್ಥೇನಿಯಂ ಎಲೆಗಳನ್ನು ಬೋಳಿಸತೊಡಗಿತು, ತೊಂಬತ್ತರ ದಶಕದ ಮೊದಲಲ್ಲಿ ಸೂರ್ಯಕಾಂತಿಯ ಹೊಲದಲ್ಲೂ ಕಾಣಿಸಿಕೊಂಡು ಗಲಾಟೆಯಾಯಿತು. ತನಿಖೆಗೆ ಸಮಿತಿಯೂ ಆಯಿತು. ಪಾರ್ಥೇನಿಯಂ ಪರಾಗ ಉದುರಿ ಕೂತ ಸೂರ್ಯಕಾಂತಿ ಎಲೆಯನ್ನು ಮಾತ್ರ ಅದು ಕಡಿಯುತ್ತಿತ್ತು ಎಂದು ಆಮೇಲೆ ತಿಳಿಯಿತು. ಈ ಪಾರ್ಥೇನಿಯಂ ಮರಳಿನ ಲಾರಿ, ಗಾಡಿಯ ಚಕ್ರ, ಮೋರಿಯ ನೀರು ಎಲ್ಲವನ್ನೂ ಏರುತ್ತದೆ. ಒಣ ನೆಲವೂ ಆದೀತು, ಒದ್ದೆಯೂ ಆದೀತು. ಇದರ ಪರಾಗಕ್ಕೆ ಸೀನು, ಉಬ್ಬಸ. ಬರಿಗೈಲಿ ಕಿತ್ತರೆ ಕೆಲವರಿಗೆ ಚರ್ಮ ಸುಲಿಯುವಷ್ಟು ತುರಿಕೆ. ಇದನ್ನು ಇಷ್ಟು ಹೇಳಲು ಕಾರಣವಿದೆ. ಹೂವೂ ಬಿಳಿ, ಜಾಗವೂ ಅದೇ ಆದ್ದರಿಂದ ಗರಗ ಹುಡುಕುವ ಹೊಸಬರು ಇದಕ್ಕೆ ಕೈ ಹಾಕಬಾರದು. ಪಾರ್ಥೇನಿಯಂ ಎಲೆ ಸೇವಂತಿಗೆ ಎಲೆಯ ಹಾಗೆ ಸೀಳುಸೀಳು. ಗರಗದ ಎಲೆ ಇಡಿಯಾಗಿ, ನೀಳವಾಗಿ, ತುದಿ ಚೂಪಾಗಿರುತ್ತದೆ.

ಹಾಗೆಯೇ ಪಾರ್ಕುಗಳಲ್ಲಿ, ರಸ್ತೆ ನಡುವಿನ ಪಟ್ಟಿಗಳಲ್ಲಿ ಹೊಳೆಯುವ ಎಲೆಯ ಮೇಲೆ ಹಳದಿ ಹೂ ಬಿಟ್ಟು ಚಾಪೆಯಂತೆ ಹಬ್ಬಿಸಿರುವ ವೆಡೇಲಿಯವನ್ನು ತೋರಿಸಿ, ‘ಇದೇ ಭೃಂಗರಾಜ ಅಲ್ವಾ ಸಾರ್?’ ಎಂದು ಕೇಳುವವರಿದ್ದಾರೆ. ಅಲ್ಲ, ಹಿಂದೆ ಹೇಳಿದ ಹಳದಿ ಹೂವಿನ ಭೃಂಗರಾಜವೂ ಅಲ್ಲ. ಅಂದಕ್ಕೆಂದು ತಂದ ಅಮೆರಿಕದ ಬಳ್ಳಿ, ಬೀಜಕ್ಕೆ ಕಾಯದೆ ತುಂಡಿನಿಂದಲೇ ಬೆಳೆದು ಬೇರೆಯದನ್ನು ಮುಚ್ಚಿಹಾಕುತ್ತದೆ. ಜಗತ್ತಿನ 100 ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅದರ ಹೆಸರಿದೆ. ಗರಗ ಬೆಳೆಯಬಹುದಾದ ಒದ್ದೆ ಮೂಲೆಗಳಲ್ಲೂ ಈಗ ಇದನ್ನೇ ನೆಡುತ್ತಾರೆ, ನೀರೂ ಹಾಕುತ್ತಾರೆ.

ರಾಮಸ್ವಾಮಿ ಮತ್ತು ರಜಿ ಇವರ ಬೆಂಗಳೂರು ಜಿಲ್ಲೆಯ ಸಸ್ಯಕೋಶವನ್ನು ಮೈಸೂರು ವಿಶ್ವವಿದ್ಯಾಲಯ 1973ರಲ್ಲಿ ಪ್ರಕಟಿಸಿತು. ಕಾವೇರಿ ನೀರು ಬರುವ ಮುಂಚಿನ ವರ್ಷ. ಆಗಿನ ಊರಿನ ಒದ್ದೆ ನೆಲದ ಗಿಡಗಳನ್ನು ಈಗಿನ ಬಸವನಗುಡಿಯ ಜೊತೆ ಬೀದಿಬೀದಿಯಾಗಿ ಹೋಲಿಸುವ ಕೆಲಸ ಕಾಲೇಜು ಹುಡುಗರಿಗೆ ಒಳ್ಳೆಯ ಪ್ರಾಜೆಕ್ಟ್ ಆದೀತು. ಮೈಕ್ರೋಸ್ಕೋಪೂ ಬೇಡ, ಅನುದಾನವೂ ಬೇಡ, ಬಗ್ಗುವ ಬೆನ್ನು ಬೇಕು.

ಮನೆಯಲ್ಲಿ ಬೇಕೆನ್ನುವವರಿಗೆ ಬೆಳೆಸುವುದು ಸುಲಭ. ಹಬ್ಬದ ಪತ್ರೆಯ ಕಟ್ಟಿನಲ್ಲಿ ಗರಗ ಸಿಕ್ಕರೆ ಪೂಜೆಗೆ ಎಲೆ ಬಿಡಿಸಿಕೊಂಡು, ಗೆಣ್ಣಿರುವ ದಂಟಿನ ತುಂಡನ್ನು ಕುಂಡದ ಒದ್ದೆ ಮಣ್ಣಿನ ಮೇಲೆ ಮಲಗಿಸಿ ಒತ್ತಿ. ಬೇರು ಬಿಡುತ್ತದೆ. ಬಲಿತ ಬಿಲ್ಲೆ ಸಿಕ್ಕರೆ ಉಜ್ಜಿ ಬೀಜವನ್ನು ಮೇಲೆಯೇ ಉದುರಿಸಿ, ಮಣ್ಣು ಮುಚ್ಚಬೇಡಿ. ಕುಂಡ ಬಿಸಿಲಿನಲ್ಲಿರಲಿ, ತಳಕ್ಕೆ ತಟ್ಟೆ ಇಟ್ಟು ನೀರು ನಿಲ್ಲಿಸಿ. ಏಸಿಯಿಂದ ತೊಟ್ಟಿಕ್ಕುವ ನೀರು, ಅಕ್ಕಿ ತೊಳೆದ ನೀರು ಯಾವುದಾದರೂ ಸರಿ. ಎಣ್ಣೆಗೆ ಕೊಯ್ಯುವುದಾದರೆ ಹೂ ಬಿಡಲು ಶುರುವಾದಾಗ ಬೆಳಿಗ್ಗೆ ಕೊಯ್ದು ಅಂದೇ ರುಬ್ಬಿ. ರಾತ್ರಿಯವರೆಗೆ ಇಟ್ಟರೆ ಬಾಡಿ ರಸ ಇಳಿಯುತ್ತದೆ. ಎಲ್ಲವನ್ನೂ ಕೊಯ್ಯದೆ ಎರಡು ದಂಟಿನ ಬೀಜ ಬಲಿಯಲು ಬಿಡಿ, ಮುಂದಿನ ಮಳೆಗಾಲಕ್ಕೆ ತಾನೇ ಬರುತ್ತದೆ. ತಟ್ಟೆಯ ನೀರನ್ನು ಮಾತ್ರ ವಾರ ತುಂಬುವುದರೊಳಗೆ ಚೆಲ್ಲಿ ಬದಲಾಯಿಸಬೇಕು. ಇಲ್ಲದಿದ್ದರೆ ಸೊಳ್ಳೆ ಮೊಟ್ಟೆ ಇಡುತ್ತದೆ, ಡೆಂಗಿ ತಪಾಸಣೆಗೆ ಬರುವವರು ಮೊದಲು ಬಗ್ಗಿ ನೋಡುವುದೇ ಹೂಕುಂಡದ ತಟ್ಟೆಯನ್ನು.